ಮೈಲಾರವ್ವ ಸಾರಿಸಿದ ಡಂಗುರ

ತಲಿಶೂಲಿ ಎಲ್ಲಾರಿಗೂ ಬರ್ತೈತಿ, ಆದ್ರ ಮೈಲಾರವ್ವಗ ಬರತಿದ್ದದ್ದು ಅರ್ಧ ತಲೀದು. ಮೊದಲ ಕಣ್ಣ ಮುಂದ ಗರಗಸದ ಹಲ್ಲಿನಂಗ ಮಿಂಚು, ಆಮ್ಯಾಲ ಎಡಗಡಿ ತಲ್ಯಾಗ ಒನಕಿ ತಗೊಂಡು ಕುಟ್ಟಿದಂಗ. ಬೆಳಕು ಬ್ಯಾಡ, ಸಪ್ಪಳ ಬ್ಯಾಡ, ಹೊಟ್ಯಾಗಿಂದೆಲ್ಲಾ ಹೊರಗ. ಗಂಡ ಕರಿಸಿದ್ದಪ್ಪ ಕುರಿ ಹೊಡಕೊಂಡು ಊರೂರು ತಿರುಗಾಂವ. ಮನಿ, ಮಕ್ಕಳು, ಎಮ್ಮಿ ಎಲ್ಲಾ ಈಕೀನಽ ನೋಡಬೇಕು.

ಎಂಬತ್ನಾಲ್ಕನೇ ಇಸವಿ ಮಾತು. ಊರು ಗುಡಗೇರಿ ಸಂತಿ ಹಾದ್ಯಾಗಿಂದು. ಹೆಸರು ಹೇಳಿದ್ರ ಇವತ್ತಿಗೂ ಜಗಳಕ್ಕ ಬರ್ತಾರ, ಬಿಡ್ರಿ. ಅಲ್ಲಿ ಸರಕಾರಿ ದವಾಖಾನಿ ಇತ್ತು, ದವಾಖಾನ್ಯಾಗ ಈರಬಸಪ್ಪ ಅನ್ನೋ ಡಾಕ್ಟರ ಇದ್ದ. ಮುಂಜಾನಿ ಅಲ್ಲಿ ಕುಂತು, "ನಿನ್ನ ಬ್ಯಾನಿಗೆ ಹೊಸಾ ಗುಳಗಿ ಬಂದಾವ. ದಿನಾ ನುಂಗಿದ್ರ ಶೂಲಿ ಏಳೂದಽ ಇಲ್ಲ. ಆದ್ರ ಸರಕಾರದಾಗ ಸಿಗೂದಿಲ್ಲ. ಸಂಜಿಕೆ ಮನಿಗೆ ಬಾ, ಖಾಸಗಿ ತರಿಸಿ ಕೊಡತೀನಿ" ಅಂದ. ಮೈಲಾರವ್ವನ ಹಂತ್ಯಾಕ ರೊಕ್ಕ ಎಲ್ಲಿಂದ ಬರಬೇಕು? ವಾರಾ ವಾರಾ ಬೆಣ್ಣಿ ಮುದ್ದಿ ಅವನ ಮನಿ ಸೇರಿತು, ಮಕ್ಕಳು ಬರೇ ಮಜ್ಜಿಗಿ ಕುಡದ್ರು. ಗುಳಗಿ ಮಾತ್ರ ಖರೇನಽ ಗುಳಗಿ. ಆ ಚಳಿಗಾಲ ಆಕಿ ತಲಿ ಹಗರ ಮಾಡಿಕೊಂಡು ತಿರುಗಾಡಿದಳು.

ಒಂದಿನ ಬೆಣ್ಣಿ ಹಿಡಕೊಂಡು ಅವರ ಹಿತ್ತಲ ಬಾಗಲಕ್ಕ ಬಂದ್ರ ಅಲ್ಲಿ ಸರಕಾರಿ ಜೀಪು ನಿಂತಿತ್ತು. ಡ್ರೈವರ್ ಮಹಬೂಬಸಾಬ ರಟ್ಟಿನ ಪೆಟ್ಟಿಗಿ ಇಳಿಸಿ ಇಳಿಸಿ ಒಳಗ ಒಯ್ಯಾಕಹತ್ತಿದ್ದ.

"ಏನಪಾ ಇವು?"

"ನಿಮ್ಮ ದವಾಖಾನಿ ಔಷಧ ಬೇ. ಬಡವರಿಗೆ ಹಂಚ್ರಿ ಅಂತ ಸರಕಾರ ಕಳಸತೈತಿ, ಸಾಹೇಬ್ರು ಮನಿಯಾಗಽ ಇಳಸು ಅಂತಾರ. ತಲಿಶೂಲಿ ಗುಳಗಿನೂ ಅದಾವ ಇದರಾಗ."

ಬೇಲಿನಽ ಎದ್ದು ಹೊಲಾ ಮೇದ್ರ ಯಾರಿಗೆ ಹೇಳೂದು? ಆದ್ರೂ ಮೈಲಾರವ್ವ ನೆಟ್ಟಗ ಒಳಗ ಹೋಗಿ ಕೇಳಿದಳು.

ಡಾಕ್ಟರ ನಕ್ಕ. "ಅರ್ಧ ತಲಿಶೂಲಿ ಅಂದ್ರ ತಲಿ ಇದ್ದವರ ಬ್ಯಾನಿ ಬೇ. ಕುರಿ ನಡುವ ಬೆಳದಾಕಿ, ನಿನಗ್ಯಾಕ ಬೇಕು ಆ ಪಂಚಾಯ್ತಿ? ಬೆಣ್ಣಿ ಇಟ್ಟು ಹೋಗು. ಹೆಚ್ಚಿಗಿ ಮಾತಾಡಿದ್ರ ಗುಳಗಿ ಬಂದ್."

ಬೆಣ್ಣಿ ಇಟ್ಟಳು, ಹೋದಳು. "ಇವನ ಮಾನಾ ಹಲಗಿ ಬಡಿಸಿ ಕಳೀಲಿಲ್ಲಂದ್ರ ನಾ ನಮ್ಮಪ್ಪಗ ಹುಟ್ಟಿದಾಕೀನಽ ಅಲ್ಲ" ಅಂತ ಹಾದಿತುಂಬ ಹಲ್ಲು ಕಡದಳು.

ಹಲಗಿ ಅಂದ್ರ ಹಲಗೀನಽ. ಆ ಊರಾಗ ಡಂಗುರ ಸಾರಾಂವ ಯಲ್ಲಪ್ಪ. ಎಲಿ-ಅಡಿಕಿ ಕೈಯಾಗ ಬಿತ್ತಂದ್ರ ಯಾಕ, ಏನು ಅಂತ ಕೇಳೂ ಪದ್ಧತಿ ಇಲ್ಲ. ಹಲಗಿ ಬಡದು ಸಾರಿದ ಮಾತಿಗೆ ಊರಾಗ ಎರಡಿಲ್ಲ. ಡಾಕ್ಟರ ಮನಿಗೆ ಬೆಣ್ಣಿ ಹಾಕಾಕಿ ಎಲಿ-ಅಡಿಕಿ ತಂದು "ಸಾಹೇಬ್ರು ಹೇಳಿ ಕಳಿಸ್ಯಾರ, ಅವರ ಓಣಿ ಒಂದು ಬಿಟ್ಟು ಊರೆಲ್ಲಾ ಸಾರು" ಅಂದ್ರ ಅವಗ ಅನುಮಾನ ಯಾಕ ಬರಬೇಕು? ಸಂಜಿಕೆ ಹಲಗಿ ಬಡಕೊಂತ ಹೊಂಟ:

"ಕೇಳ್ರಪ್ಪೋ ಕೇಳ್ರಿ! ಸರಕಾರ ಕಳಿಸಿದ ಔಷಧ ಡಾಕ್ಟರ ಮನಿಯಾಗ ಪೆಟ್ಟಿಗಿಗಟ್ಟಲೆ ಐತಿ! ನಾಳೆ ಮುಂಜಾನಿ ಅವರ ಕಟ್ಟಿಮ್ಯಾಲ ಪುಕ್ಕಟೆ ಹಂಚತಾರ!"

ಮರುದಿನ ಹೊತ್ತೇರೂದರಾಗ ಊರಿಗೆ ಊರಽ ಡಾಕ್ಟರ ಮನಿ ಮುಂದ. ಕೆಮ್ಮಿನವರು, ಬಾಣಂತ್ಯಾರು, ಮೊಣಕಾಲು ಬ್ಯಾನಿ ಮುದುಕರು. ಒಬ್ಬಾಂವ ಕುಂಟ ಹೋರಿನೂ ಹೊಡಕೊಂಡು ಬಂದಿದ್ದ. ಈರಬಸಪ್ಪ ಬಾಯಾಗಿನ ಬೇವಿನ ಕಡ್ಡಿ ತಗದು, "ಇಲ್ಲಿ ಏನೂ ಇಲ್ಲ, ಹೋಗ್ರಿ!" ಅಂತ ಒದರಿದ. "ಹಿತ್ತಲ ಖೋಲ್ಯಾಗ ಅದಾವ, ನಾ ತೋರಸತೀನಿ ಬರ್ರಿ" ಅಂತ ಮೈಲಾರವ್ವ ಸೆರಗು ನಡಕ್ಕ ಸಿಗಿಸಿದಳು. ಹೆಂಗಸರು ಆಕಿ ಬೆನ್ನ ಹಿಂದ ನುಗ್ಗಿದ್ರು, ಪೆಟ್ಟಿಗಿ ಹೊರಗ ಬಂದುವು. ಅಯ್ಯಯ್ಯ, ಆಗ ನೋಡಬೇಕಿತ್ತು ಅವನ ಮಾರಿ! ಸುಣ್ಣಾ ಬಳದ ಗ್ವಾಡಿ. ಮಂದಿ ಕಲ್ಲು ಹುಡಕೂದರೊಳಗ ಆ ಶಾಣ್ಯಾ, "ಹೌದ್ರಪಾ, ನಾನಽ ಸಾರಿಸೇನಿ" ಅಂದ. ಕಂಪೌಂಡರ್ ಅಲ್ಲಾವುದ್ದೀನ ಹಂಚಾಕ ಕುಂತ. ಹೊಸಾ ಗುಳಗಿ ಅಂದಕೂಡಲೆ ಎಲ್ಲಾರಿಗೂ ಅರ್ಧ ತಲಿಶೂಲಿ! ನೋಡನೋಡತಾ ಆ ಪೆಟ್ಟಿಗಿ ಖಾಲಿ.

ಪೆಟ್ಟಿಗಿ ಹೊತ್ತು ಹೊತ್ತು ಬಿಸಲಾಗ ನಿಂತ ಮೈಲಾರವ್ವಗ ಎಡಗಣ್ಣಿನ ಹಿಂದ ಬಡತ ಸುರುವಾತು. ಈರಬಸಪ್ಪ ಬಾಜೂಕ ಬಂದು ಸಣ್ಣ ದನ್ಯಾಗ ಅಂದ: "ನಿನಗಽ ಉಳೀಲಿಲ್ಲಲ್ಲ ಮೈಲಾರವ್ವ. ಅಡಗಿ ಮನಿಯಾಗ, ಅಕ್ಕಿ ಡಬ್ಬಿಯೊಳಗ, ನಿನಗ ವರ್ಷಕ್ಕಾಗೂವಷ್ಟು ಗುಳಗಿ ಮುಚ್ಚಿಟ್ಟೇನಿ. ಬೆಣ್ಣಿ ಬ್ಯಾಡ, ಏನೂ ಬ್ಯಾಡ. ಬಾಯಿ ಮುಚ್ಚಿಕೊಂಡು ಸಂಜಿಕೆ ಬಾ."

ವರ್ಷ! ವರ್ಷತುಂಬ ಶೂಲಿ ಇಲ್ಲದ ತಲಿ. ಅದೆಂಥಾ ಆಸೆ ಅಂತ ಆ ಬ್ಯಾನಿ ತಿಂದವರಿಗಷ್ಟಽ ಗೊತ್ತು. ಆಕಿ ಬಾಯಾಗ "ಹೂಂ" ಅನ್ನೂದು ಬಂದಽ ಬಿಟ್ಟಿತ್ತು. ತಲಿ ಎತ್ತಿ ಅವನ ಮಾರಿ ನೋಡಿದಳು. ಅವ ನಗಾಕಹತ್ತಿದ್ದ, ಸಂತ್ಯಾಗ ಯಾಪಾರ ಕುದುರಿಸಿದಾಂವನಂಗ.

ಮೈಲಾರವ್ವ ಸೆರಗು ತಲಿಗೆ ಬಿಗದು ಕಟ್ಟಿಕೊಂಡು ಕಟ್ಟಿಮ್ಯಾಲ ಕುಂತಳು. ಕಣ್ಣು ಬಿಡಾಕ ಆಗವಲ್ದು. ಮುಚ್ಚಿದ ಕಣ್ಣಿಲೇನಽ, ಇದ್ದಬಿದ್ದ ಶಕ್ತಿ ಎಲ್ಲಾ ಕೂಡಿಸಿ ಒದರಿದಳು:

"ಅಕ್ಕಿ ಡಬ್ಬ್ಯಾಗ ಇನ್ನೂ ಮುಚ್ಚಿಟ್ಟಾನಂತ್ರಪ್ಪೋ! ಅಡಗಿ ಮನಿಗೆ ನಡೀರಿ! ಅಕ್ಕಿ ಒಂದು ಬಿಟ್ಟು ಎಲ್ಲಾ ತಗೊಂಡ ಹೋಗ್ರಿ!"