ಮೂಕಮ್ಮಾಳಿಗೆ ಹಿಡಿದದ್ದು

“ಏಯ್ ಮುಂಡೆ, ನಿನ್ ಸತ್ತ ಗಂಡ ಬಂದು ನಾಟಿ ಹಾಕ್ತಾನಾ?” ಗುರುಸಾಮಿ ಗೌಂಡರು ಬದುವಿನ ಮೇಲಿಂದ ಉಗಿದರು.

ನನ್ನ ಅತ್ತಿಗೆ ಮೂಕಮ್ಮಾಳ್ ಮೊಣಕಾಲುದ್ದದ ಕೆಸರಿನಲ್ಲಿ ಪೈರಿನ ಕಟ್ಟು ಹಿಡಿದು ಸುಮ್ಮನೆ ನಿಂತಿದ್ದಳು. ಹೋದ ವರ್ಷ ನನ್ನಣ್ಣ ಚಿನ್ನತಂಬಿ ಪೆರಿಯಾರ್ ಅಣೆಕಟ್ಟಿನ ಕೂಲಿಗೆಂದು ಗೂಡಲೂರಿನಾಚೆ ಬೆಟ್ಟ ಹತ್ತಿದವನು ಜ್ವರದಲ್ಲಿ ಸತ್ತ. ಆಗಿನ ನಾಟಿ ಮುಗಿದ ಸಂಜೆ ಗೌಂಡರೇ ಆ ಸುದ್ದಿ ಹೇಳಿದ್ದರು. ಕಳೆ ಕೀಳುವ ಹೊತ್ತಿಗೆ, ಬದುವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಅವಳ ಕೂಸೂ ಅತ್ತು ಅತ್ತು ತಣ್ಣಗಾಯಿತು. ಹಾಲೂಡಿಸಲು ಗೌಂಡರು ಅವಳನ್ನು ಮೇಲೆ ಹತ್ತಗೊಟ್ಟಿರಲಿಲ್ಲ. ಅವಳಿಗೆ ನಿದ್ದೆ ಹೋಯಿತು, ಗಂಜಿ ಸೇರದಾಯಿತು. ಎರಡು ತಿಂಗಳಿಂದ ಮಾತೂ ಇಲ್ಲ.

“ಇವ್ಳ್ಗೆ ಪೇಯಿ ಹಿಡ್ದದೆ, ದೆವ್ವ” ಎಂದು ಗೌಂಡರು ಪೂಜಾರಿ ಕಾಳಿಯಪ್ಪನನ್ನು ಕರೆಸಿದರು.

ಪೂಜಾರಿ ಅವಳನ್ನು ಮೇಲೆಳೆದು ಜುಟ್ಟನ್ನು ಬದುವಿನ ಹುಣಸೆ ಮರಕ್ಕೆ ಬಿಗಿದ. ಬೆತ್ತ ಬೆನ್ನಿಗೆ ಬಿತ್ತು.

“ಯಾರ್ಲೇ ನೀನು? ಹೆಸ್ರು ಹೇಳು.”

ಅವಳು ಅಳಲೂ ಇಲ್ಲ.

“ಬುಡಿ ಸಾಮಿ, ನೊಂದವ್ಳು ಅವ್ಳು” ಎಂದೆ.

“ಬಾಯಿ ಮುಚ್ಚು, ಪೇಚ್ಚಿ. ನಿಂಗೂ ಬೀಳ್ತದೆ” ಎಂದು ಗೌಂಡರು ನನ್ನ ಹೆಸರು ಹಿಡಿದು ಗದರಿದರು.

ಏಳನೆಯ ಏಟಿಗೆ ಮೂಕಮ್ಮಾಳ್ ತುಟಿ ಬಿಚ್ಚಿದಳು.

“ನಾನು ಮೂಕಮ್ಮಾಳೇ. ಪೇಯಿ ಇಲ್ಲ. ಗೌಂಡ್ರೇ, ನನ್ ಗಂಡನ ಜತೆಗೋಗಿದ್ದ ಅಯ್ಯನಾರ್ ಸಾವ್ ಸುದ್ದಿ ಹೊತ್ಕೊಂಡು ನಿಮ್ ಬಾಗ್ಲಿಗೆ ಬಂದಿದ್ದು ಯಾವತ್ತು?”

ಗೌಂಡರು ಪೂಜಾರಿಯತ್ತ ತಿರುಗಿದರು.

“ಕೇರಿಯೆಲ್ಲ ಸಾವಿಗೆ ಎದ್ದೋಯ್ತದೆ, ನಾಟಿ ಮುಗಿಯಗಂಟ ಬಾಯ್ಬುಡಬ್ಯಾಡ ಅಂತ ಅವ್ನ್ಗೆ ಅಂದ್ರಂತಲ್ಲ. ಎಲ್ಡ್ ತಿಂಗ್ಳ ಹಿಂದೆ ಅಯ್ಯನಾರೇ ನಂಗಂದ. ಹತ್ತೊಂಬತ್ತು ದಿನ ಮುಚ್ಚಿಟ್ರಿ. ನನ್ ಕೈಲಿ ಪೈರ್ ನೆಡಿಸ್ದ್ರಿ, ಪದ ಹಾಡಿಸ್ದ್ರಿ. ಅವ್ನ ಗುಂಡಿಗೆ ನನ್ ಕೈಯಿಂದ ಒಂದು ಹಿಡಿ ಮಣ್ಣಿಲ್ಲ, ನಾನು ಹಾಡ್ತಿದ್ದೆ.”

ಆ ಹತ್ತೊಂಬತ್ತು ದಿನ ಅವಳ ಪಕ್ಕದಲ್ಲಿ ನಿಂತು ನಾನೂ ಹಾಡಿದ್ದೆ. ಅಣ್ಣ ಕಳಿಸುವ ಸೀರೆಯ ಮಾತಾಡಿ ಅವಳನ್ನು ನಗಿಸಿದ್ದೆ.

ಪೂಜಾರಿ ಮತ್ತೆ ಕೈಯೆತ್ತಿದ. ನಾನು ಬೆತ್ತ ಕಸಿದು ಕೆಸರಿಗೆಸೆದೆ, ಅವಳ ಜುಟ್ಟು ಬಿಚ್ಚಿದೆ.

“ಹೊಲ ಬುಟ್ಟು ಕಾಲೆತ್ತಿದ್ರೆ ಕೇರಿ ಸುಡ್ತೀನಿ ಕಣ್ರೇ, ಸೂಳೆಮಕ್ಳಾ” ಎಂದರು ಗೌಂಡರು.

ಮುದುಕಿ ಮುತ್ತಮ್ಮಾಳ್ ಕೈಲಿದ್ದ ಪೈರನ್ನು ನೀರಿಗೆ ಬಿಟ್ಟು ಮೊದಲು ಮೇಲೆ ಹತ್ತಿದಳು. “ಸುಡೋ. ಸುಟ್ಮ್ಯಾಲೆ ನೀನೇ ಬಗ್ಗಿ ನೆಡು” ಎಂದಳು. ಒಬ್ಬೊಬ್ಬರಾಗಿ ಹೆಂಗಸರೆಲ್ಲ ಹತ್ತಿದರು.

ಅತ್ತಿಗೆ ಮತ್ತೆ ಮಾತಾಡಲಿಲ್ಲ. ಎಳೆದಷ್ಟು ದೂರ ನಡೆದಳು, ಬಿಟ್ಟಲ್ಲಿ ನಿಂತಳು. ಕೇರಿಯವರೆಗೂ ಅವಳ ಕೈ ನನ್ನ ಕೈಯಲ್ಲೇ ಇತ್ತು. ಆ ಬೆರಳುಗಳಲ್ಲಿ ಹಿಡಿತವಿರಲಿಲ್ಲ.