ಪದದ ಕಡೀ ಸಾಲು

"ಆ ತಗಡು ಹೊರಗಿಡು ನಬೀಸಾಬ್. ಮೊದಲ ಒಂದು ಮಾತು ಹೇಳು," ಎಂದು ಯಮನೂರಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

ಹಟ್ಟಿಯಿಂದ ಮೊದಲ ಬಸ್ಸಿಗೇ ಬಂದಿದ್ದ ನಬೀಸಾಬ್ ಕಣ್ಣೊರೆಸಿಕೊಂಡ. ಮೂವತ್ತು ವರ್ಷ ಅವಳ ಗಂಡ ಪಂಪಣ್ಣ ಎಣ್ಣೆ ಡಬ್ಬಿಗೆ ಒಂದೇ ತಂತಿ ಬಿಗಿದು ಹಾಡಿದ್ದ, ಇವನು ಪಕ್ಕದಲ್ಲಿ ತಗಡನ್ನು ಚಮಚದಿಂದ ಕೆರೆದು ತಾಳ ಹಾಕಿದ್ದ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಅವರು ಹಾಡದ ಊರಿರಲಿಲ್ಲ. ರಾತ್ರಿ ತೀರಿಕೊಂಡ ಪಂಪಣ್ಣ ಈಗ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಪಡಸಾಲೆಯ ಗೋಡೆಗೆ ಒರಗಿ, ಹಾರಗಳ ನಡುವೆ ಕುಳಿತಿದ್ದ.

"ಏನ್ ಮಾತು ಯಕ್ಕಾ?"

"ಪದದ ಕಡೀ ಸಾಲಿನಾಗ ಯಾರ ಹೆಸರು ಹಾಕ್ತಿದ್ದ, ನಿನ್ನ ದೋಸ್ತ?"

ನಬೀಸಾಬ್ ತಗಡನ್ನು ಇನ್ನೊಂದು ಬಗಲಿಗೆ ಬದಲಿಸಿದ. "ಈಗ್ಯಾಕ ಅದು? ಮೊದಲ ಮಣ್ಣಾಗ್ಲಿ."

ನೇರ ಪ್ರಶ್ನೆಗೆ ಅಡ್ಡ ಉತ್ತರ. ಏನೋ ಐತಿ ಅಂದುಕೊಂಡಳು.

*

ಪದ ಹುಟ್ಟಿದ್ದು ವಳಕಮದಿನ್ನಿಯ ಭತ್ತದ ಗದ್ದೆಯಲ್ಲಿ. ಕೆಸರಲ್ಲಿ ಬಾಗಿ ಸಸಿ ಹಚ್ಚುತ್ತ ಅವಳು ಕಟ್ಟುತ್ತಿದ್ದಳು. ಬದುವಿನ ಮೇಲೆ ಕುಳಿತು ಹೊಸ ಗಂಡ ಕಲಿಯುತ್ತಿದ್ದ. "ಕಾಲಿವಿ ನೀರಿಗಿ ಗೇಟ ಐತಿ, ಕಣ್ಣೀರಿಗಿಲ್ಲ ತಂಗಿ" ಎಂದು ಅವಳು ಅಂದ ದಿನ, "ಯಪ್ಪಾ! ಇಂಥಾವು ಎಲ್ಲಿಂದ ತರ್ತೀಯಲೇ?" ಎಂದು ಬೆರಗಾಗಿದ್ದ. ಪದ ಕಟ್ಟಿದವರ ಹೆಸರು ಕಡೆಯ ಸಾಲಿನಲ್ಲಿ ಬರಬೇಕು, ಅದು ಪದ ಹಾಡುವವರ ರೀತಿ. ಅವಳು "ಹಿಂಗಂದಾಳ ಯಮನೂರಿ" ಎಂದು ಮುಗಿಸಿದ್ದಳು.

ಆದರೆ ಹಾಡುವ ಕಡೆಗೆ ಅವಳನ್ನು ಒಮ್ಮೆಯೂ ಕರೆದೊಯ್ಯಲಿಲ್ಲ. "ಗಂಡಸರ ಗದ್ದಲ ಅಲ್ಲಿ, ನೀ ಯಾಕ?" ಮಗಳು ಪ್ರಿಯಾಂಕಾ ಫೋನಿನಲ್ಲಿ ಅಪ್ಪನ ಹಾಡು ಹಚ್ಚಿದರೆ, ಕಡೆಯ ಸಾಲಿನ ಹೊತ್ತಿಗೆ ಅವನ ಕೈ ಅಡ್ಡ ಬರುತ್ತಿತ್ತು. "ಸಾಕು ಬಿಡವಾ, ಚಾರ್ಜ್ ಹೋಗ್ತದ." ಚಾರ್ಜಿನ ಮೇಲೆ ಅಷ್ಟು ಕಾಳಜಿ ಇದ್ದ ಪುಣ್ಯಾತ್ಮ ತನ್ನ ಟಾರ್ಚನ್ನು ಆರಿಸದೆಯೇ ಮಲಗುತ್ತಿದ್ದ!

*

ಮಸ್ಕಿಯಿಂದ ಬಂದಿದ್ದ ಭಜನೆಯ ಹಿರಿಯ ಬಸವಲಿಂಗ ತಾಳ ಎತ್ತಿಕೊಂಡ. "ಪಂಪಣ್ಣನ ಕಾಲಿವಿ ಪದಾನೇ ಹಾಡಿ ಕಳಸೋಣು."

"ಬ್ಯಾರೆ ಹಾಡ್ರೀ, ಶಿವನ ಪದ ಹಾಡ್ರಿ," ನಬೀಸಾಬ್ ಗಡಬಡಿಸಿದ.

"ಅದನ್ನ ಹಾಡ್ರೀ," ಎಂದಳು ಯಮನೂರಮ್ಮ. "ಪೂರ್ತಿ."

ಅವನ ಹಾಡು ಕೇಳಿದ ಊರುಗಳಿಂದ ಬಂದು ಅಂಗಳ ತುಂಬಿದ್ದ ಜನವೆಲ್ಲ ದನಿಗೂಡಿಸಿದರು. ಕಡೆಯ ಸಾಲು ಬಂತು.

"ಹಿಂಗಂದಾನ ಪಂಪಣ್ಣ..."

ನಬೀಸಾಬ್ ನೆಲ ನೋಡಿದ. "ನಿನ್ನ ಹೆಸರು ಹಾಕು ಅಂತ ಭಾಳ ಸಲ ಹೇಳಿದೆ ಯಕ್ಕಾ. ಹೆಂಡ್ತಿ ಪದ ಅಂದ್ರ ಜನ ನಗ್ತಾರಲೇ ಅಂದ."

ಅವಳಿಗೆ ಸಿಟ್ಟು ಬಂತು, ಸಂಕಟವೂ ಬಂತು. ಬೈಯೋಣವೆಂದರೆ ಬೈಸಿಕೊಳ್ಳುವವನು ಹೂವಿನಲ್ಲಿ ಮುಳುಗಿದ್ದ. ಎದ್ದು ಹೋಗಿ ಅವನ ಎದುರು ನಿಂತಳು.

"ಯವ್ವಾ, ಕುಂದ್ರು," ಪ್ರಿಯಾಂಕಾ ಸೆರಗು ಹಿಡಿದಳು.

ಬಿಡಿಸಿಕೊಂಡು, ಗಂಡನ ಮುಖ ನೋಡುತ್ತ ಪದವನ್ನು ಮೊದಲಿನಿಂದ ಎತ್ತಿದಳು. ದನಿ ಒಡೆದಿತ್ತು. ತಾಳಗಳು ನಿಂತವು.

"ಹಿಂಗಂದಾಳ ಯಮನೂರಿ, ಕೇಳೋ ಪಂಪಣ್ಣ."

ಗದ್ದೆಯಲ್ಲಿ ಅವಳ ಜೊತೆಗೆ ಸಸಿ ಹಚ್ಚುತ್ತಿದ್ದ ಗಿರಿಯಮ್ಮ ಆ ಸಾಲನ್ನು ಹಿಡಿದಳು, ಅವಳ ಹಿಂದೆ ಉಳಿದ ಹೆಂಗಸರೂ ಹಿಡಿದರು. ಯಮನೂರಮ್ಮ ಮತ್ತೆ ಮೊದಲಿನಿಂದ ಎತ್ತಿದಳು. ಹೊರಲು ಬಂದ ನಾಲ್ವರು ಗಂಡಸರು ಟವೆಲ್ಲು ಹೆಗಲಿಗೆ ಹಾಕಿಕೊಂಡು, ಪದ ಮುಗಿಯಲೆಂದು ಬಾಗಿಲಲ್ಲೇ ನಿಂತರು. ಪಂಪಣ್ಣ ಕುಳಿತೇ ಇದ್ದ.