ಅಟ್ಟದ ಕೊಬ್ಬರಿಯ ಸಾಕ್ಷಿ

ತೀರ್ಪಿನ ಪ್ರಕಾರ ಗಂಗಲಕ್ಷ್ಮಿ ಗಂಡನನ್ನು ಬಿಟ್ಟುಹೋಗಿ ಮೂರು ವರ್ಷವಾಗಿತ್ತು. ಆ ತೀರ್ಪಿನ ನಕಲು ಕೈಗೆ ಬಂದಾಗ ಅವಳು ಹುಳಿಯಾರಿನ ಹತ್ತಿರ ಅದೇ ಗಂಡನ ತೋಟದ ಮನೆಯಲ್ಲಿ, ಅಟ್ಟದ ಕೆಳಗಿನ ಒಲೆಯಿಂದ ಬೂದಿ ಬಳಿಯುತ್ತಿದ್ದಳು.

ತಂದುಕೊಟ್ಟವನೂ ಗಂಡ ಹನುಮಂತರಾಜುವೇ. "ಡೈವೋರ್ಸ್ ಆಗೋಗೈತೆ ಕಣೇ. ತವರಿಗೆ ಹೊಂಡು" ಎಂದ.

ಮಹಾನುಭಾವ ತಿಪಟೂರಿನಲ್ಲೊಂದು ಬಾಡಿಗೆ ಕೋಣೆ ಹಿಡಿದು, ಗಂಡಹೆಂಡತಿ ಕೊನೆಗೆ ಒಟ್ಟಿಗೆ ಬಾಳಿದ್ದು ಅಲ್ಲೇ ಎಂದು ಅಲ್ಲಿನ ಕೋರ್ಟಿನಲ್ಲಿ ಪ್ರಮಾಣ ಮಾಡಿದ್ದ. ಅವಳಿಗೆ ಹೊರಟ ನೋಟಿಸು ಬೀಗ ಹಾಕಿದ ಆ ಕೋಣೆಗೆ ಹೋಗಿ ವಾಪಸಾಗಿತ್ತು. ಹೆಂಡತಿ ಹಾಜರಾಗಲಿಲ್ಲವೆಂದು ವಿಚ್ಛೇದನ ಸಿಕ್ಕಿತು. ಅದನ್ನು ಅವನು ಹತ್ತು ತಿಂಗಳು ಬಚ್ಚಿಟ್ಟ. ಅಪೀಲಿನ ಗಡುವು ಮುಗಿಯಲಿ ಎಂಬುದು ಅರ್ಧ ಕಾರಣ ಅಷ್ಟೇ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹೊಗೆಗೆ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಮ್ಮಿ ವರ್ಷ ಬೇಕು. ಅಲ್ಲಿಯವರೆಗೆ ಕೆಳಗೆ ಕೂತು ಹೊಗೆ ಹಾಕಲು ಒಬ್ಬಳು ಬೇಡವೇ?

"ಅವನ ಜೊತೆ ಬಾಳೋ ಆಸೆ ನಂಗೂ ಇಲ್ಲ ಮೇಡಂ. ಆದ್ರೆ ಬುಟ್ಟೋದೋಳು ಅಂತ ಬರ್ದವ್ರಲ್ಲ, ಅದು ಅಳಿಸೋಗ್ಬೇಕು" ಎಂದಳು ಗಂಗಲಕ್ಷ್ಮಿ, ವಕೀಲೆ ಗಿರಿಜಾಂಬಿಕಾ ಮುಂದೆ.

ಗಿರಿಜಾಂಬಿಕಾ ಅಪೀಲು ಹಾಕಿದರು. ಮದುವೆಯಾದದ್ದು ತುರುವೇಕೆರೆಯಲ್ಲಿ, ಬಾಳಿದ್ದು ಹುಳಿಯಾರು ಸೇರಿದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಆದ್ದರಿಂದ ತಿಪಟೂರಿನ ಕೋರ್ಟಿಗೆ ಈ ಕೇಸು ನಡೆಸುವ ಅಧಿಕಾರವೇ ಇರಲಿಲ್ಲ ಎಂಬ ವಾದ. ಆದರೆ ರುಜುವಾತು? ರೇಷನ್ ಕಾರ್ಡಿನ ವಿಳಾಸವನ್ನೂ ಹನುಮಂತರಾಜು ತಿಪಟೂರಿಗೆ ಬದಲಾಯಿಸಿಬಿಟ್ಟಿದ್ದ. ಸಾಕ್ಷಿಗೆ ಒಪ್ಪಿದ್ದ ನೆರೆಹೊರೆಯವರಿಗೆಲ್ಲ ಒಂದೇ ದಿನ ಸೊಂಟ ಹಿಡಿದುಕೊಂಡಿತು.

ಮೇಲಿನ ಕೋರ್ಟು ಹನುಮಂತರಾಜುವನ್ನೇ ಕಟಕಟೆಗೆ ಕರೆಯಿತು. ಎಷ್ಟು ಕೇಳಿದರೂ ಅವನದು ತಿಪಟೂರಿನ ಕೋಣೆಯ ಪಾಠವೇ. ಕೊನೆಗೆ ಗಿರಿಜಾಂಬಿಕಾ ತಣ್ಣಗೆ ಕೇಳಿದರು: "ಹಾಗಾದರೆ ಈ ಸಲ ನೀವು ಮಾರಿದ್ದು ಮನೆಯ ಕೊಬ್ಬರಿಯಲ್ಲ, ಯಾರದೋ ಹತ್ತಿರ ಕೊಂಡದ್ದು. ಅರ್ಧಕ್ಕರ್ಧ ಕೊಳೆತಿತ್ತಂತೆ?"

ಹೆಂಡತಿ ಬಿಟ್ಟುಹೋದಳೆಂದು ಸುಳ್ಳು ಪ್ರಮಾಣ ಮಾಡುವಾಗ ಕೆಂಪಾಗದ ಮುಖ ಈಗ ಕೆಂಪಾಯಿತು.

"ಯಾವನ್ರೀ ಅಂಗಂದೋನು? ನಮ್ ತೋಟದ್ಮನೆ ಅಟ್ಟದ ಕಾಯಿ ಕಣ್ರೀ ಅವು! ಒಂದೇ ಒಂದು ಕೆಟ್ಟಿಲ್ಲ. ನಮ್ಮೆಂಗಸು ವರ್ಷಪೂರ್ತಿ ಒಂದಿನ ತಪ್ಪುಸ್ದಂಗೆ ಹೊಗೆ ಹಾಕವ್ಳೆ. ಬೇಕಾರೆ ಕೇಳಿ, ಅಲ್ಲೇ ಕುಂತವ್ಳೆ!"

ಅವನ ವಕೀಲರು ಕಣ್ಣು ಮುಚ್ಚಿಕೊಂಡರು. "ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ" ಎಂದರು ನ್ಯಾಯಾಧೀಶರು.

ಅಪೀಲು ತಡವಾದದ್ದು ಮನ್ನಾ ಆಯಿತು, ತೀರ್ಪು ರದ್ದಾಯಿತು. ಗಂಗಲಕ್ಷ್ಮಿಗೆ ಅಳು ತಡೆಯಲಾಗಲಿಲ್ಲ. ವರ್ಷಗಟ್ಟಲೆ ಹೊಗೆಯಲ್ಲಿ ಕಣ್ಣೀರು ಸುರಿಸಿದ್ದವಳಿಗೆ ಸಂತೋಷಕ್ಕೆ ಬಂದ ಕಣ್ಣೀರು ಇದೇ ಮೊದಲು.

ಹನುಮಂತರಾಜು ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂದ. "ಆಯ್ತು ಬುಡು, ಇನ್ನೂ ನನ್ನೆಂಡ್ತೀನೇ ಅಲ್ವೇನೇ? ನಡಿ ಮನೆಗೆ. ಹೊಸ ಕಾಯಿ ಅಟ್ಟಕ್ಕೆ ಹಾಕ್ಸಿದೀನಿ, ಒಲೆ ಹಚ್ಚೋರಿಲ್ಲ."

ಗಂಗಲಕ್ಷ್ಮಿ ತವರಿನ ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿ ನಿಂತಳು.

"ಬುಟ್ಟೋದ್ಲು ಅಂತ ಬರ್ಸಿದ್ಯಲ್ಲ, ಈಗ ಹೋಗ್ತಿದೀನಿ. ತಾರೀಕು ಬರ್ಕೊ."